ತವರಿಗೆ ಹೊರಟ ಮೀನು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಬೆಟಗೇರಿಯ ಓಣಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಏನೇನ ನೋಡಿದ್ರಿ?" ನಯಾಗರಾ ನೋಡಿದೆ, ದೀಪ ಹಿಡಿದು ನಿಂತ ಆ ದೊಡ್ಡ ಮೂರ್ತಿ ನೋಡಿದೆ ಎಂದರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಹೆಮ್ಮೆ. ನಾನು ಅವೆರಡನ್ನೂ ನೋಡಲಿಲ್ಲ. "ಮೀನ ಹಿಡಿಯೋ ಪಂದ್ಯಕ್ಕ ಹೋಗಿದ್ದೆ" ಎಂದೆ. ಕೇಳಿದಾಕೆ ಮೊದಲು ನಕ್ಕಳು. ಆಮೇಲೆ ನನ್ನ ಕೊರಳಿನ ಕಡೆ ನೋಡಿದಳು, ಲಿಂಗ ಇನ್ನೂ ಇದೆಯೋ ಇಲ್ಲವೋ ಎಂದು.

ಲಿಂಗ ಇದೆ. ಮೀನು ಇವತ್ತಿಗೂ ನಾಲಿಗೆಗೆ ಮುಟ್ಟಿಲ್ಲ. ಆದರೂ 2018ರ ಸೆಪ್ಟೆಂಬರಿನಲ್ಲಿ ಒಂದು ಶನಿವಾರ ನಸುಕಿನಲ್ಲಿ, ಎರಡು ಸ್ವೆಟರಿನ ಮೇಲೆ ಒಂದು ಮಳೆಯಂಗಿ ತೊಟ್ಟು, ಸೀರೆಯ ನಿರಿಗೆ ಎತ್ತಿ ಕಟ್ಟಿ, ಗಾಳದ ಕೋಲು ಹಿಡಿದು ಸಮುದ್ರದ ಮೇಲೆ ಕೂತವಳು ನಾನೇ. ಹೇಗೆ ಕೂತೆ ಎನ್ನುವುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನನ್ನ ತವರು ಮುಂಡರಗಿ ತಾಲೂಕಿನ ತುಂಗಭದ್ರೆಯ ದಂಡೆ. ಕೊಟ್ಟ ಮನೆ ಬೆಟಗೇರಿ. ಇಪ್ಪತ್ತೆಂಟು ವರ್ಷ ಲಕ್ಷ್ಮೇಶ್ವರದಲ್ಲಿ ಮಾಸ್ತರಿಕೆ ಮಾಡಿದೆ, ದಿನಾ ಬಸ್ಸಿನಲ್ಲಿ ಹೋಗಿ ಬಂದು. ನಮ್ಮವರದು ಗದಗಿನಲ್ಲಿ ಜವಳಿ ಅಂಗಡಿ. ನಮಗೆ ಒಬ್ಬಳೇ ಮಗಳು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದಳು, ಬೆಂಗಳೂರಿನಲ್ಲಿ ನೌಕರಿ ಹಿಡಿದಳು, ಅಲ್ಲಿ ಹೊನ್ನಾವರದ ಕಡೆಯ ಒಬ್ಬ ಹುಡುಗನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನು, ಓದಿದವನು, ಒಂದು ಚಟವಿಲ್ಲ. ಆದರೆ ಅವನದು ಮೀನು ತಿನ್ನುವ ಮನೆಯಷ್ಟೇ ಅಲ್ಲ, ಮೀನು ಮಾರುವ ಮನೆ.

"ಹುಡುಗ ಶ್ಯಾಣ್ಯಾ ಇರಬಹುದು. ನಾ ಆ ಮನಿಗೆ ಬೀಗ ಆಗೂದಿಲ್ಲ" ಎಂದರು ನಮ್ಮವರು. ಇವರು ಪ್ರತಿ ವರ್ಷ ಶಿರಹಟ್ಟಿಯ ಫಕೀರೇಶ್ವರರ ಜಾತ್ರೆಗೆ ತಪ್ಪದೆ ಹೋಗುವವರು. ಹಿಂದೂಗಳು, ಮುಸಲ್ಮಾನರು ಇಬ್ಬರೂ ನಡೆದುಕೊಳ್ಳುವ ಮಠ ಅದು. ಅಲ್ಲಿಯ ತೇರಿನ ಮುಂದೆ ಎಲ್ಲರ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಮನುಷ್ಯ, ಮನೆಯ ಹೊಸ್ತಿಲಿಗೆ ಬಂದಾಗ ಬೇರೆಯೇ ಆಗಿಬಿಟ್ಟರು. 2014ರಲ್ಲಿ ಅವರಿಬ್ಬರೂ ಬೆಂಗಳೂರಿನಲ್ಲಿ ರಜಿಸ್ಟರ್ ಮದುವೆಯಾದರು. ನಾವು ಹೋಗಲಿಲ್ಲ. ಆಮೇಲೆ ಅಮೆರಿಕಕ್ಕೆ ಹೋದರು. ನಾಲ್ಕು ವರ್ಷ ಮಗಳು ಫೋನ್ ಮಾಡಿದಾಗ ಅಪ್ಪ ಮಾತಾಡುತ್ತಿದ್ದರು. ಅಳಿಯನ ದನಿ ಕೇಳಿದರೆ ಫೋನ್ ನನ್ನ ಕೈಗೆ ಬರುತ್ತಿತ್ತು.

ಓಣಿಯ ಹೆಂಗಸರ ಮುಂದೆ ನಾನು ಒಂದು ಮಾತನ್ನು ರೂಢಿ ಮಾಡಿಕೊಂಡಿದ್ದೆ: "ನಮ್ಮವರು ಒಪ್ಪಲಿಲ್ಲ ನೋಡ್ರಿ." ಒಪ್ಪದವರು ಅವರೊಬ್ಬರೇ, ನಾನು ಒಪ್ಪಿ ತುದಿಗಾಲಲ್ಲಿ ನಿಂತಿದ್ದೆ ಎಂಬಂತೆ. ನಮ್ಮಲ್ಲಿ ಎಷ್ಟೋ ಹೆಂಗಸರು ಗಂಡನ ಹಟದ ಮರೆಯಲ್ಲಿ ತಮ್ಮ ಹಟವನ್ನೂ ಬಚ್ಚಿಟ್ಟುಕೊಂಡು ಆರಾಮಾಗಿರುತ್ತಾರೆ. ನಾನೂ ಹಾಗೇ ಇದ್ದೆ.

ಮಗಳು ಬಸಿರಾದಳು. ಚೊಚ್ಚಲ ಹೆರಿಗೆ ತವರಿನದು ಎನ್ನುವುದು ನಮ್ಮಲ್ಲಿ ಯಾರೂ ಬರೆದಿಡದ ಕಾಯದೆ. "ಬರ್ಲಿ, ಆಕಿ ಮನಿ ಇದು" ಎಂದರು ಅಪ್ಪ. "ನಾ ಒಬ್ಬಾಕೇ ಬರೂದಿಲ್ಲ" ಎಂದಳು ಮಗಳು. ಇಬ್ಬರದೂ ಒಂದೇ ರಕ್ತ, ಒಂದೇ ಹಟ. ಕೊನೆಗೆ ತವರೇ ಗಂಟು ಕಟ್ಟಿಕೊಂಡು ಮಗಳ ಕಡೆ ಹೊರಡಬೇಕಾಯಿತು. ಅಂಟಿನುಂಡಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಟಕ ರೊಟ್ಟಿ, ಕೂಸಿಗೆ ಹಳೆ ಸೀರೆಯ ದುಪ್ಪಟಿ, ಇಷ್ಟನ್ನೂ ಎರಡು ಪೆಟ್ಟಿಗೆಯಲ್ಲಿ ತುಂಬಿಕೊಂಡು ಜುಲೈ ಕೊನೆಗೆ ನಾನೊಬ್ಬಳೇ ವಿಮಾನ ಹತ್ತಿದೆ.

ಅವರಿರುವ ಊರು ಎವರೆಟ್. ಸಿಯಾಟಲ್ ಎಂಬ ದೊಡ್ಡ ಪಟ್ಟಣದಿಂದ ಉತ್ತರಕ್ಕೆ ಮುಕ್ಕಾಲು ತಾಸಿನ ಹಾದಿ. ಬೋಯಿಂಗ್ ವಿಮಾನಗಳನ್ನು ಜೋಡಿಸುವ ಕಾರ್ಖಾನೆ ಇರುವುದು ಅಲ್ಲೇ. ಪ್ಯೂಜೆಟ್ ಸೌಂಡ್ ಎಂದು ಅಲ್ಲಿಯ ಸಮುದ್ರದ ಹೆಸರು. ಪೆಸಿಫಿಕ್ ಸಾಗರ ತನ್ನ ಒಂದು ತೋಳನ್ನು ಗುಡ್ಡಗಳ ನಡುವೆ ಬಹಳ ದೂರ ಒಳಗೆ ಚಾಚಿದಂತಿದೆ ಅದು. ಉತ್ತರ ಅಮೆರಿಕದ ಆ ಕರಾವಳಿ ಸಾಲ್ಮನ್ ಮೀನಿಗೆ ಹೆಸರಾಗಿದೆ ಎಂದು ಭೂಗೋಲದ ಪಾಠದಲ್ಲಿ ಎಷ್ಟು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆನೋ! ಸಾಲ್ಮನ್ ಹೇಗಿರುತ್ತದೆ ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಆಗಸ್ಟ್ ಮೊದಲ ವಾರದಲ್ಲಿ ಮೊಮ್ಮಗಳು ಹುಟ್ಟಿದಳು. ದಿನಾ ಎಣ್ಣೆ ತಿಕ್ಕಿ ಎರೆಯುವುದು, ಬಾಣಂತಿಗೆ ಬಿಸಿ ಅಡಿಗೆ, ರಾತ್ರಿಯ ಜಾಗರಣೆ, ಹೀಗೆ ದಿನ ಕಳೆದವು. ಅಳಿಯ ನನ್ನೊಂದಿಗೆ ಎರಡು ಮಾತಿನ ಮೇಲೆ ಮೂರನೆಯದು ಆಡುತ್ತಿರಲಿಲ್ಲ. ನಾನೂ ಅಷ್ಟೇ. ಒಂದು ದಿನ ಹೆಚ್ಚಿನ ಕಾಯಿಪಲ್ಲೆ ಇಡಲು ಜಾಗ ಹುಡುಕುತ್ತ ಕಾರು ನಿಲ್ಲಿಸುವ ಕೋಣೆಗೆ ಹೋದೆ. ಅಲ್ಲೊಂದು ಸಣ್ಣ ಶೀತಪೆಟ್ಟಿಗೆ. ತೆರೆದರೆ ಕಾಗದದಲ್ಲಿ ಸುತ್ತಿದ ಮೀನು! ದಡ್ಡನೆ ಮುಚ್ಚಿದೆ. ಮಗಳನ್ನು ಕೇಳಿದಾಗ ಆಕೆ ಹೇಳಿದಳು: "ನೀ ಬರೋ ಮುಂಚೆ ಅವರು ಇಡೀ ಅಡಗಿಮನಿ ತಿಕ್ಕಿ ತೊಳದ್ರವ್ವಾ. ಭಾಂಡೆ ಎಲ್ಲಾ ಹೊಸಾವು ತಂದ್ರು. ನೀ ಇರೂತನಕಾ ಮನಿಯೊಳಗ ಮೀನ ತರೂದಿಲ್ಲಂತ. ತಿನ್ನೂದೂ ಇಲ್ಲ."

ಆರು ವಾರ ನಾನು ಉಂಡ ತಾಟು ನನಗಾಗಿ ತಂದದ್ದು ಎಂದು ಆಗ ಗೊತ್ತಾಯಿತು. ಏನೂ ಅನ್ನಲಿಲ್ಲ. ಅನ್ನಲು ಏನೂ ತಿಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಆ ಊರಿನಲ್ಲಿ ಒಂದು ಜಾತ್ರೆ. ಎವರೆಟ್ ಕೋಹೋ ಡರ್ಬಿ ಎಂದು ಅದರ ಹೆಸರು. ಅಲ್ಲಿಯ ಸ್ಟೀಲ್‌ಹೆಡ್ ಅಂಡ್ ಸಾಲ್ಮನ್ ಕ್ಲಬ್ಬಿನಂಥ ಸಂಘದವರು ನಡೆಸುತ್ತಾರೆ. ಶನಿವಾರ, ರವಿವಾರ ಎರಡು ದಿನ ಯಾರು ಬೇಕಾದರೂ ಟಿಕೆಟ್ ಕೊಂಡು ಸಮುದ್ರಕ್ಕೋ ಹೊಳೆಗೋ ಇಳಿದು ಕೋಹೋ ಎಂಬ ಜಾತಿಯ ಸಾಲ್ಮನ್ ಹಿಡಿಯಬಹುದು. ಎಲ್ಲಕ್ಕೂ ಹೆಚ್ಚು ತೂಕದ ಮೀನು ತಂದವರಿಗೆ ಹತ್ತು ಸಾವಿರ ಡಾಲರ್ ಬಹುಮಾನ. ಹಣದಲ್ಲಿ ಒಂದು ಪಾಲು ಮೀನಿನ ಸಂತತಿ ಉಳಿಸಿ ಬೆಳೆಸುವ ಕೆಲಸಕ್ಕೆ ಹೋಗುತ್ತದಂತೆ.

ಪಕ್ಕದ ಮನೆಯ ಹಿರಿಯರಿಗೆ ಒಂದು ದೋಣಿ ಇತ್ತು. ಅಳಿಯ ಪ್ರತಿ ವರ್ಷ ಅವರ ಜೊತೆ ಹೋಗುವವನು. ಆ ವರ್ಷ ಕೂಸು ಹುಟ್ಟಿದೆ, ಹೋಗುವುದಿಲ್ಲ ಎಂದು ಕೂತಿದ್ದ. ಮಗಳೇ ಅವನನ್ನು ಎಬ್ಬಿಸಿದಳು. ಜೊತೆಗೆ ನನ್ನನ್ನೂ. "ಎರಡ ತಿಂಗಳಾತು ನೀ ಈ ಗ್ವಾಡಿ ಬಿಟ್ಟು ಏನೂ ನೋಡಿಲ್ಲ. ದೋಣ್ಯಾಗ ಒಂದ ಜಾಗಾ ಖಾಲಿ ಐತಿ. ಹೋಗಿ ಬಾರವ್ವಾ. ಕನ್ನಡ ಸಂಘದ ಗೆಳತಿ ಬರ್ತಾಳ, ನಮ್ಮನ್ನ ನೋಡ್ಕೋತಾಳ."

"ಹುಚ್ಚಿ, ಜೀವಾ ತಗ್ಯಾಕ ಹೋಗ್ಲ್ಯಾ?" ಎಂದೆ.

ಅಳಿಯ ಬಾಗಿಲಲ್ಲಿ ನಿಂತಿದ್ದ. "ಅತ್ತೆ, ನೀವೇನೂ ಮುಟ್ಟೋದು ಬೇಡ. ಸಮುದ್ರ ನೋಡ್ಕೊಂಡು ಕೂತಿರಿ" ಎಂದ.

ಯಾಕೆ ಹೂಂ ಎಂದೆನೋ! ಆ ಶೀತಪೆಟ್ಟಿಗೆ ಕಣ್ಣ ಮುಂದೆ ಬಂದಿರಬೇಕು. ನನಗಾಗಿ ಒಬ್ಬ ತನ್ನ ಊಟ ಬಿಟ್ಟಿದ್ದಾನೆ. ಅವನಿಗಾಗಿ ಒಂದು ದಿನ ದೋಣಿಯಲ್ಲಿ ಕೂಡ್ರಲು ನನಗೇನು ದಾಡಿ? ಆದರೆ ದೋಣಿಯಲ್ಲಿ ಕೋಲಿದ್ದರೆ ಯಾವಾಗ ಯಾರ ಕೈಗೆ ಬರುತ್ತದೋ ಎಂದು ಅವರು ನನ್ನ ಹೆಸರಿನಲ್ಲಿ ಒಂದು ದಿನದ ಸರಕಾರಿ ಪರವಾನಗಿಯನ್ನೂ ಪಂದ್ಯದ ಟಿಕೆಟ್ಟನ್ನೂ ಕೊಂಡಿಟ್ಟರು. ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಪರವಾನಗಿ ಪಡೆದ ಬೆಸ್ತಿತಿಯಾದೆ.

ನಸುಕಿನ ಐದು ಗಂಟೆಗೆ ಬಂದರಿಗೆ ಹೋದರೆ ದೀಪದ ಬೆಳಕಿನಲ್ಲಿ ಸಾಲುಸಾಲು ದೋಣಿ. ನಮ್ಮ ವೀರನಾರಾಯಣನ ತೇರಿನ ದಿನದಂಥ ಗದ್ದಲ, ಆದರೆ ಕೂಗಾಟವಿಲ್ಲ. ಮುದುಕರು, ಹೆಂಗಸರು, ಟೊಪ್ಪಿಗೆ ಹಾಕಿದ ಸಣ್ಣ ಮಕ್ಕಳು. ಒಬ್ಬೊಬ್ಬರದೇ ದೋಣಿ ನೀರಿಗಿಳಿಯಿತು. ಕತ್ತಲೆಯಲ್ಲಿ ಕೆಂಪು, ಹಸಿರು ದೀಪಗಳು ಚದುರಿ ಹೋದವು. ಮುಕಿಲ್ಟಿಯೋ ಎಂಬಲ್ಲಿಯ ದೀಪಸ್ತಂಭ ದಾಟಿ, ವಿಡ್ಬಿ ದ್ವೀಪದ ದಕ್ಷಿಣದ ತುದಿಗೆ ಬರುವ ಹೊತ್ತಿಗೆ ಮೂಡಣ ಬೆಳ್ಳಗಾಯಿತು. ಎರಡೂ ಕಡೆ ಹಿಮದ ಬೆಟ್ಟ. ಕಪ್ಪತಗುಡ್ಡವನ್ನೇ ದೊಡ್ಡ ಗುಡ್ಡ ಎಂದು ತಿಳಿದ ಕಣ್ಣಿಗೆ ಅದು ಹಿಡಿಸಲೊಲ್ಲದು.

ಅಳಿಯ ಕೆಲಸಕ್ಕೆ ಕೈಯಿಟ್ಟ. ದಪ್ಪ ಸೀಸದ ಗುಂಡನ್ನು ತಂತಿಯಲ್ಲಿ ಆಳಕ್ಕೆ ಇಳಿಬಿಡುತ್ತಾರೆ. ಗಾಳದ ದಾರವನ್ನು ಆ ತಂತಿಗೆ ಒಂದು ಚಿಮುಟದಿಂದ ಸಿಕ್ಕಿಸಿರುತ್ತಾರೆ. ದಾರದ ತುದಿಯಲ್ಲಿ ಮೊದಲು ಒಂದು ಹೊಳೆಯುವ ಪಟ್ಟಿ. ದೋಣಿ ನಿಧಾನ ಸಾಗಿದಂತೆ ಅದು ನೀರೊಳಗೆ ಗಿರಗಿರ ತಿರುಗಿ ಮಿಂಚುತ್ತದೆ. ಅದರ ಹಿಂದೆ ಹಸಿರು ರಬ್ಬರಿನ ಒಂದು ಕುಚ್ಚು, ನಮ್ಮ ಬೆಟಗೇರಿ ಸೀರೆಯ ಸೆರಗಿಗೆ ಕಟ್ಟುವಂಥದ್ದೇ. ಕುಚ್ಚಿನೊಳಗೆ ಕೊಕ್ಕೆ. ಮೀನು ಕಚ್ಚಿದರೆ ದಾರ ಚಿಮುಟದಿಂದ ಬಿಡಿಸಿಕೊಳ್ಳುತ್ತದೆ, ಬಾಗಿದ ಕೋಲು ಪಟ್ಟನೆ ಮೇಲೇಳುತ್ತದೆ. ಕೊಕ್ಕೆಗೆ ಹಿಂದಕ್ಕೆ ಚಾಚಿದ ಮುಳ್ಳು ಇರಬಾರದೆಂದು ಅಲ್ಲಿ ಕಾಯದೆ. ಯಾಕೆಂದರೆ ಬಿಡಬೇಕಾದ ಮೀನು ಸಿಕ್ಕರೆ ಅದಕ್ಕೆ ಹೆಚ್ಚು ಗಾಯವಾಗದಂತೆ ಬಿಡಿಸಬೇಕು.

"ಹಿಡ್ಯಾಕ ಬಂದು ಬಿಡೂದಂದ್ರೇನು?" ಎಂದು ಕೇಳಿದೆ.

ಅವನು ಹೇಳಿದ. ಸಾಲ್ಮನ್ ಹುಟ್ಟುವುದು ಸಿಹಿನೀರಿನ ಹಳ್ಳದಲ್ಲಿ, ಹರಳುಕಲ್ಲಿನ ಸಂದಿಯಲ್ಲಿ. ಕೋಹೋ ಮರಿ ಒಂದೂವರೆ ವರ್ಷ ಸುಮಾರು ಹಳ್ಳದಲ್ಲೇ ಬೆಳೆದು, ಹೊಳೆ ಹಿಡಿದು ಸಮುದ್ರ ಸೇರುತ್ತದೆ. ಇನ್ನು ಒಂದೂವರೆ ವರ್ಷ ಉಪ್ಪುನೀರಿನಲ್ಲಿ ತಿಂದುಂಡು ದೊಡ್ಡದಾಗುತ್ತದೆ. ಮೂರನೆಯ ವರ್ಷ ಬಸಿರು ಹೊತ್ತು ತಿರುಗುತ್ತದೆ. ಎಷ್ಟೋ ಹೊಳೆಗಳು ಬಂದು ಸೇರುವ ಆ ಸಮುದ್ರದಲ್ಲಿ ತಾನು ಹುಟ್ಟಿದ ಹೊಳೆ ಯಾವುದೆಂದು ನೀರಿನ ವಾಸನೆಯ ಮೇಲೆ ಗುರುತು ಹಿಡಿಯುತ್ತದೆ. ಎವರೆಟ್ಟಿನಲ್ಲಿ ಸಮುದ್ರ ಸೇರುವ ಸ್ನೋಹೋಮಿಶ್ ಹೊಳೆಯದಾದರೆ ಅದಕ್ಕೇ ಹೋಗುತ್ತದೆ. ಸಿಹಿನೀರು ಹೊಕ್ಕ ಮೇಲೆ ಊಟ ಬಿಡುತ್ತದೆ. ಪ್ರವಾಹಕ್ಕೆ ಎದುರಾಗಿ, ಕಲ್ಲಿಗೆ ಮೈ ಉಜ್ಜಿಕೊಂಡು ಹತ್ತಿ, ಬಾಲದಿಂದ ಹರಳು ತೋಡಿ ಗೂಡು ಮಾಡಿ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ.

ನಾನು ಸುಮ್ಮನೆ ಕೇಳುತ್ತಿದ್ದೆ. ನಮ್ಮ ಬಸ್ಸು ಕೊರ್ಲಹಳ್ಳಿಯ ಹತ್ತಿರ ಬಂತೆಂದರೆ, ಹೊಳೆ ಕಾಣುವ ಮೊದಲೇ ನನಗೆ ಅದರ ವಾಸನೆ ಬರುತ್ತಿತ್ತು. ಮಗ್ಗುಲಲ್ಲಿ ಕೂತವರಿಗೆ ಹೇಳಿದರೆ ನಗುತ್ತಿದ್ದರು.

"ಅಂದ್ರ ಚೊಚ್ಚಲ ಹೆರಿಗಿಗೆ ತವರಮನಿಗೆ ಹೊಂಟಾಳಂತ ಆತು" ಎಂದೆ.

ಅವನು ನಕ್ಕ. ಎರಡು ತಿಂಗಳಲ್ಲಿ ನಾನು ಅವನ ನಗು ನೋಡಿದ್ದು ಅದೇ ಮೊದಲು. ಆಮೇಲೆ ದಾರ ನೋಡುತ್ತ ಮೆಲ್ಲಗೆ ಹೇಳಿದ: "ಅದಕ್ಕೆ ಒಂದೇ ಹೆರಿಗೆ, ಅತ್ತೆ. ಮೊಟ್ಟೆ ಇಟ್ಟು ಅಲ್ಲೇ ಸಾಯ್ತದೆ. ಅದರ ಮೈ ಕೊಳೆತು ನೀರಿಗೆ ಸಾರ ಸೇರ್ತದೆ. ಮುಂದೆ ಮರಿಗಳಿಗೆ ಅದೇ ಆಹಾರಕ್ಕೆ ದಾರಿ."

ದೋಣಿಯ ಹಿರಿಯರು ತಮ್ಮ ಮಾತು ಸೇರಿಸಿದರು. ಅಣೆಕಟ್ಟು, ಮರ ಕಡಿತ, ಬಿಸಿಯಾದ ನೀರು ಇವುಗಳಿಂದ ಹೊಳೆಗೆ ಮರಳುವ ಮೀನು ಕಡಿಮೆಯಾಗಿವೆ. 2016ರಲ್ಲಿ ಕೋಹೋ ತೀರ ಕಡಿಮೆ ಬರುತ್ತವೆಂದು ಅಂದಾಜಾಗಿ ಆ ಸಮುದ್ರದ ಬಹಳಷ್ಟು ಕಡೆ ಹಿಡಿಯುವುದನ್ನೇ ನಿಲ್ಲಿಸಿದ್ದರು. ಸರಕಾರದವರೂ ಬುಡಕಟ್ಟಿನವರೂ ತೊಟ್ಟಿಗಳಲ್ಲಿ ಮರಿ ಮಾಡಿ ಬಿಡುತ್ತಾರೆ. ಹಾಗೆ ಬಿಡುವ ಮರಿಯ ಬೆನ್ನಿನ ಮೇಲೆ, ಬಾಲಕ್ಕೆ ಸಮೀಪ ಇರುವ ಹೆಬ್ಬೆರಳ ತುದಿಯಷ್ಟು ಸಣ್ಣ ರೆಕ್ಕೆಯೊಂದನ್ನು ಕತ್ತರಿಸಿರುತ್ತಾರೆ. ನಾವು ಹೋದ ಕಡೆ ಆ ಋತುವಿನಲ್ಲಿ, ರೆಕ್ಕೆ ಇಲ್ಲದ್ದು ಸಿಕ್ಕರೆ ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಅದು ಹೊಳೆಯಲ್ಲೇ ಹುಟ್ಟಿದ ಕಾಡುಮೀನು. ಅದನ್ನು ದೋಣಿಯೊಳಕ್ಕೆ ಎತ್ತುವ ಹಾಗೂ ಇಲ್ಲ, ನೀರಲ್ಲೇ ಬಿಡಬೇಕು.

"ನಮ್ಮಲ್ಲೂ ಇದೆ, ಅತ್ತೆ" ಎಂದ ಅಳಿಯ. "ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ. ಮೀನು ಮೊಟ್ಟೆ ಇಡೋ ಕಾಲ. ಆ ಎರಡು ತಿಂಗಳು ಅಮ್ಮ ಒಣಮೀನು ಮಾರ್ತಿದ್ರು. ಶಾಲೆ ಶುರುವಾಗೋದೂ ಅದೇ ಹೊತ್ತಿಗೆ. ನನ್ನ ಪುಸ್ತಕಕ್ಕೆಲ್ಲ ಒಣಮೀನಿನ ವಾಸನೆ. ಪಕ್ಕ ಕೂತವರು ಸರಿದು ಕೂರ್ತಿದ್ರು."

ಅವನು ಅದನ್ನು ದೂರಾಗಿ ಹೇಳಲಿಲ್ಲ. ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳುವಂತೆ ಹೇಳಿದ. ನನಗೆ ಮಾತು ಬದಲಿಸಬೇಕೆನಿಸಿತು. ಬೇರೇನೂ ತೋಚದೆ ಕೇಳಿದೆ: "ಕೂಸಿಗೆ ತಿಕ್ಕೋ ಆ ಕೊಬ್ಬರಿ ಎಣ್ಣಿ ಮುಗೀಲಿಕ್ಕೆ ಬಂತ್ರೀ. ಭಾಳ ಚೊಲೋ ಎಣ್ಣಿ. ಯಾವ ಅಂಗಡ್ಯಾಗ ಸಿಗತೈತಿ?"

"ಅಂಗಡೀದಲ್ಲ ಅತ್ತೆ. ಅಮ್ಮ ಕಳ್ಸಿದ್ದು. ಮನೆ ಹಿಂದೆ ನಾಲ್ಕು ತೆಂಗಿನ ಮರ ಇದೆ. ಕಾಯಿ ಒಣಗಿಸಿ ಗಾಣಕ್ಕೆ ಕೊಟ್ಟು ತೆಗ್ಸಿದ್ದು." ಸ್ವಲ್ಪ ತಡೆದು ಮತ್ತೆ ಹೇಳಿದ: "ಅವ್ರಿಗೂ ಬರೋ ಆಸೆ ಇತ್ತು. ಚೊಚ್ಚಲ ಬಾಣಂತನ ಹುಡುಗಿ ತಾಯಿ ಹಕ್ಕು, ಅವ್ರು ಬರ್ಲಿ, ನಾನು ಆಮೇಲೆ ಬರ್ತೇನೆ ಅಂದ್ರು."

ಆರು ವಾರ ದಿನಾ ಬೆಳಿಗ್ಗೆ ನಾನು ಆ ಎಣ್ಣೆಯನ್ನು ಅಂಗೈಯಲ್ಲಿ ಹಾಕಿಕೊಂಡು ಕೂಸಿನ ಕೈಕಾಲು ನೀವಿದ್ದೆ. ಯಾರು ಕಳಿಸಿದ್ದು ಎಂದು ಒಂದು ದಿನ ಕೇಳಿರಲಿಲ್ಲ. ನನಗೆ ಒಬ್ಬ ಬೀಗತಿ ಇದ್ದಾಳೆ, ಗಂಡನನ್ನು ಕಳೆದುಕೊಂಡು ತಲೆಯ ಮೇಲೆ ಬುಟ್ಟಿ ಹೊತ್ತು ಮಗನನ್ನು ಓದಿಸಿದವಳು, ತನ್ನ ಸರದಿಯನ್ನು ನನಗೆ ಬಿಟ್ಟುಕೊಟ್ಟವಳು. ನಾಲ್ಕು ವರ್ಷದಲ್ಲಿ ಆಕೆಗೆ ಒಂದು ಫೋನ್ ಮಾಡಬೇಕೆಂದು ನನಗೆ ಅನಿಸಿರಲಿಲ್ಲ. ಅದನ್ನು ಮಾಡಬೇಡವೆಂದು ನಮ್ಮವರೇನೂ ಹೇಳಿರಲಿಲ್ಲ.

ಹೀಗೆ ಕೂತಿದ್ದಾಗಲೇ ನನ್ನ ಮಗ್ಗುಲಿನ ಕೋಲು ಪಟ್ಟನೆ ಎದ್ದು ಗಡಗಡ ನಡುಗಿತು. ಹಿರಿಯರು ಚುಕ್ಕಾಣಿಯಲ್ಲಿದ್ದರು. ಅಳಿಯನ ಕೈಯಲ್ಲಿ ಆಚೆ ಬದಿಯ ಸೀಸದ ಗುಂಡಿತ್ತು. "ಹಿಡೀರಿ ಅತ್ತೆ, ಹಿಡೀರಿ!" ಎಂದು ಕೂಗಿದ. ಶಿವ, ಪಾಪ, ಪುಣ್ಯ ಒಂದೂ ನೆನಪಾಗಲಿಲ್ಲ. ಹಿಡಿದುಬಿಟ್ಟೆ.

ಅದರ ಜಗ್ಗು ಹೇಗಿತ್ತೆಂದರೆ ನೀವು ಬಾವಿಯಲ್ಲಿ ತುಂಬಿದ ಕೊಡ ಸೇದುವಾಗ ಕೊಡಕ್ಕೆ ಜೀವ ಬಂದು ಅದೇ ನಿಮ್ಮನ್ನು ಕೆಳಗೆ ಸೇದಿದರೆ ಹೇಗೋ ಹಾಗೆ. ಆದರೆ ಬೆಟಗೇರಿಯ ಹೆಣ್ಣಿಗೆ ನೀರು ಎಳೆಯುವುದನ್ನು ಯಾರೂ ಕಲಿಸಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ನಳ ಬರುತ್ತಿದ್ದ ಊರಿನಲ್ಲಿ ಬಾಳಿದ ಕೈ ಇವು. ಅದು ಓಡಿದಾಗ ದಾರ ಬಿಟ್ಟೆ, ನಿಂತಾಗ ರೀಲು ಸುತ್ತಿದೆ. ಒಮ್ಮೆ ಅದು ನೀರಿನಿಂದ ಪೂರ್ತಿ ಮೇಲೆ ಜಿಗಿಯಿತು. ಬೆಳಗಿನ ಬಿಸಿಲಿನಲ್ಲಿ ತಿಕ್ಕಿದ ಬೆಳ್ಳಿಯ ಹರಿವಾಣ ಹಾರಿದಂತೆ ಕಂಡಿತು. ಹಿರಿಯರು ಸೀಟಿ ಹೊಡೆದರು. "ಹನ್ನೆರಡು ಪೌಂಡಿಗೆ ಕಡಿಮೆಯಿಲ್ಲ" ಎಂದರು. ಐದೂವರೆ ಕಿಲೋ ಆಯಿತು. ಹತ್ತು ನಿಮಿಷ ಕಳೆದಿರಬೇಕು. ತೋಳು ಸೋತವು. ಮೀನೂ ಸೋತು ದೋಣಿಯ ಬದಿಗೆ ಬಂತು.

ಅಳಿಯ ಬಾಗಿ ನೋಡಿದ. ಬೆನ್ನಿನ ಮೇಲೆ, ಬಾಲದ ಹತ್ತಿರ, ಆ ಸಣ್ಣ ರೆಕ್ಕೆ ನೆಟ್ಟಗೆ ನಿಂತಿತ್ತು.

"ಕಾಡುಮೀನು" ಎಂದ. "ಹೊಟ್ಟೆ ನೋಡಿದ್ರೆ ಹೆಣ್ಣೇ ಇರ್ಬೇಕು."

ಈಗ ನಾನು ಆಡಿದ ಮಾತನ್ನು ಹೇಳದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಲಿಂಗ ಕಟ್ಟಿಕೊಂಡವಳು, ಇರುವೆಯನ್ನೂ ಸರಿಸಿ ಕಸ ಹೊಡೆಯುವವಳು, ಮಕ್ಕಳಿಗೆ ಇಪ್ಪತ್ತೆಂಟು ವರ್ಷ ನೀತಿಪಾಠ ಹೇಳಿದವಳು, ಕೈಯಲ್ಲಿ ಆ ಕೋಲು ಹಿಡಿದು, ತಲೆಯಲ್ಲಿ ಹತ್ತು ಸಾವಿರ ಡಾಲರಿಗೆ ರೂಪಾಯಿ ಎಷ್ಟು ಎಂದು ಲೆಕ್ಕ ಹಾಕುತ್ತ ಕೇಳಿದೆ:

"ಆ ರೆಕ್ಕಿ ಈಗ ಕತ್ತರಿಸಿದ್ರ?"

ಅಳಿಯ ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಹಳೇ ಗಾಯ ಬೇರೆ, ಹ್ವಸ ಗಾಯ ಬೇರೆ ಅತ್ತೆ. ನೋಡಿದ್ರೆ ಗೊತ್ತಾಗ್ತದೆ" ಎಂದ. ಮತ್ತೆ ನೀರಿನ ಕಡೆ ತಿರುಗಿ, "ಗೊತ್ತಾಗದಿದ್ರೂ, ಅದು ಮನೆಗೆ ಹೋಗ್ತಾ ಇದೆಯಲ್ಲ" ಎಂದ.

ಸುತ್ತ ಕೂಗಳತೆಯಲ್ಲಿ ಒಂದು ದೋಣಿ ಇರಲಿಲ್ಲ. ಅವನು ಉದ್ದ ಹಿಡಿಕೆಯ ಒಂದು ಕೊಕ್ಕೆಯನ್ನು ದಾರದ ಗುಂಟ ಇಳಿಸಿ, ಮೀನಿಗೆ ಕೈ ಹಚ್ಚದೆ, ಒಂದು ತಿರುವು ಕೊಟ್ಟ. ಗಾಳ ಕಳಚಿತು. ಮೀನು ಬಿಡುಗಡೆಯಾದದ್ದು ತಿಳಿಯದಂತೆ ಒಂದು ಗಳಿಗೆ ಹಾಗೇ ನಿಂತಿತು. ಕಿವಿರು ಎರಡು ಸಲ ತೆರೆದು ಮುಚ್ಚಿತು.

"ಹೋಗು ಮಾರಾಯ್ತಿ, ಮನೆ ಮುಟ್ಟು" ಎಂದ ಅಳಿಯ.

ಬಾಲ ಬೀಸಿದ ರಭಸಕ್ಕೆ ನನ್ನ ಮುಖದ ತುಂಬ ನೀರು ಹಾರಿತು. ಉಪ್ಪು. ಮಳೆಯಂಗಿಯ ತೋಳಿನಿಂದ ಒರೆಸಿಕೊಂಡೆ. ಬಹಳ ಹೊತ್ತು ಒರೆಸಿಕೊಂಡೆ. ಅವನು ನೋಡಿಯೂ ನೋಡದವನಂತೆ ದಾರ ಸುತ್ತಿದ.

ಆ ದಿನ ನಮ್ಮ ದೋಣಿಗೆ ಮತ್ತೊಂದು ಮೀನು ಸಿಕ್ಕಿತು. ಹಿರಿಯರ ಕೋಲಿಗೆ ಬಿದ್ದದ್ದು, ಸಣ್ಣದು, ರೆಕ್ಕೆ ಇಲ್ಲದ್ದು. ಅದನ್ನು ಒಳಗೆ ಎತ್ತಿ ತಲೆಗೆ ಹೊಡೆಯುವಾಗ ಅಳಿಯ ನನಗೂ ಅದಕ್ಕೂ ನಡುವೆ ಬಂದು ನಿಂತ. ಆದರೂ ಸಪ್ಪಳ ಕೇಳಿತು. "ಶಿವ ಶಿವ" ಎಂದೆ. ಹಿಡಿದ ಕೂಡಲೇ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕಂತೆ, ಬರೆದರು. ತಿನ್ನುವವರು ತಿನ್ನಲಿ, ನನ್ನಿಂದಾಗದು. ಇದು ನನ್ನಲ್ಲಿ ಆ ದಿನವೂ ಬದಲಾಗಲಿಲ್ಲ, ಈಗಲೂ ಬದಲಾಗಿಲ್ಲ. ಬದಲಾದದ್ದು ಬೇರೆ.

ಮರಳಿ ಬರುವಾಗ ಹಿರಿಯರು ಉತ್ತರದ ದಂಡೆ ತೋರಿಸಿದರು. ಅದು ತುಲಾಲಿಪ್ ಎಂಬ ಮೂಲನಿವಾಸಿಗಳ ನೆಲ. ಒಪ್ಪಂದದ ಹಕ್ಕಿಗಾಗಿ ಅಲ್ಲಿಯ ಬುಡಕಟ್ಟುಗಳು ಕೋರ್ಟಿಗೆ ಹೋಗಿ, 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರ ತೀರ್ಪಿನಿಂದ, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಪಡೆದರು. ವರ್ಷದ ಮೊದಲ ಸಾಲ್ಮನ್ ಬಂದಾಗ ತುಲಾಲಿಪ್ ಜನ ಅದನ್ನು ದೊಡ್ಡ ಅತಿಥಿಯಂತೆ ಎದುರುಗೊಂಡು, ಹಾಡಿ, ಎಲ್ಲರೂ ಹಂಚಿಕೊಂಡು ಉಂಡು, ಎಲುಬನ್ನು ಮತ್ತೆ ನೀರಿಗೇ ಬಿಡುತ್ತಾರಂತೆ. ಹೋಗಿ ತನ್ನವರಿಗೆ, ನನ್ನನ್ನು ಚೆನ್ನಾಗಿ ನೋಡಿಕೊಂಡರು ಎಂದು ಅದು ಹೇಳಬೇಕಂತೆ. "ನಮ್ಮೂರಲ್ಲಿ ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡ್ತೇವೆ" ಎಂದ ಅಳಿಯ. ನಾವು ತುಂಬಿದ ಹೊಳೆಗೆ ಬಾಗಿನ ಬಿಡುವುದನ್ನು ನಾನು ಹೇಳಿದೆ. ಮೂವರೂ ಬೇರೆ ಬೇರೆ ನೀರಿನವರು. ಒಬ್ಬರ ಮಾತು ಒಬ್ಬರಿಗೆ ತಿಳಿಯಿತು.

ನಮ್ಮ ಮೀನು ಐದು ಪೌಂಡು ತೂಗಿತು. ತಕ್ಕಡಿಯವರು ಬರೆದುಕೊಂಡು ನಕ್ಕು ಕಳಿಸಿದರು. ಬಹುಮಾನದ ಯಾದಿಯ ಹತ್ತಿರವೂ ನಾವು ಸುಳಿಯಲಿಲ್ಲ.

ಆ ಸಂಜೆ ಏಳೂವರೆಗೆ ಊರಿಗೆ ಫೋನ್ ಮಾಡಿದೆ. ಬೆಟಗೇರಿಯಲ್ಲಿ ರವಿವಾರ ಬೆಳಿಗ್ಗೆ ಎಂಟು. ನಮ್ಮವರು ಚಹಾ ಕುಡಿಯುತ್ತ ಪೇಪರ್ ಓದುವ ಹೊತ್ತು. ಎಲ್ಲವನ್ನೂ ಹೇಳಿದೆ. ನಾನು ಕೋಲು ಹಿಡಿದದ್ದು ಹೇಳುವಾಗ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಎಷ್ಟ ದೊಡ್ಡದಿತ್ತು?" ಎಂದರು.

"ನಮ್ಮ ಕೂಸಿನಕಿಂತಾ ದೊಡ್ಡದು."

"ಬಹುಮಾನ ಎಷ್ಟಂದಿ?"

ಹೇಳಿದೆ. ಅಂಗಡಿಯವರು, ಲೆಕ್ಕ ಕೂಡಲೇ ಆಯಿತು. "ಏಳ ಲಕ್ಷದ ಮ್ಯಾಲಾತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ರೆಕ್ಕಿ ಕತ್ತರಿಸಿದ್ರ ಯಾರಿಗ ಗೊತ್ತಾಗತಿತ್ತು?" ಎಂದರು.

"ನಾನೂ ಅದನ್ನ ಕೇಳಿದೆ" ಎಂದೆ. "ಕೇಳಿದಾಕಿ ನಾನು. ಬಿಟ್ಟವರು ಅವರು."

ಆ ಕಡೆಯಿಂದ ಸಪ್ಪಳವಿಲ್ಲ. ಫೋನ್ ಕಡಿಯಿತೇನೋ ಎಂದು ಎರಡು ಸಲ "ಹಲೋ" ಎಂದೆ. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು, "ಅವರ ಕಡೆ ಕೊಡು" ಎಂದರು. ಅವನ ಕಡೆ ಎನ್ನಲಿಲ್ಲ. ಅವರ ಕಡೆ ಎಂದರು.

ಅಳಿಯ ಒದ್ದೆ ಕೈ ಒರೆಸಿಕೊಂಡು ಫೋನ್ ಹಿಡಿದ. ಆ ಕಡೆಯ ಮಾತು ನನಗೆ ಕೇಳಲಿಲ್ಲ. ಇವನು ನಿಂತೇ ಮಾತಾಡಿದ. "ಹೌದು ಮಾವ... ಇಲ್ಲ ಮಾವ, ಚಳಿ ಅಷ್ಟಿಲ್ಲ... ನಿದ್ದೆ ಮಾಡ್ತಾ ಇದ್ದಾಳೆ... ಅಜ್ಜನ ಮೂಗೇ ಬಂದಿದೆ ಅಂತಾರೆ ಅತ್ತೆ." ಬಾಣಂತಿಯ ಕೋಣೆಯ ಬಾಗಿಲಲ್ಲಿ ಮಗಳು ಗೋಡೆಗೆ ಒರಗಿ ನಿಂತಿದ್ದಳು. ನಾನು ಅಡಿಗೆಮನೆಗೆ ಹೋಗಿ ಸುಮ್ಮನೆ ನಳ ತಿರುವಿದೆ.

ಮರುದಿನ ಹೊನ್ನಾವರದ ನಂಬರು ಕೇಳಿ ಪಡೆದು ಬೀಗತಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ತಿಳಿಯದೆ ಎಣ್ಣೆಯ ಮಾತು ತೆಗೆದೆ. ಆಕೆಯೂ ಎಣ್ಣೆಯ ಮಾತನ್ನೇ ಆಡಿದಳು. ಅರ್ಧ ತಾಸು ಇಬ್ಬರೂ ಎಣ್ಣೆ ಬಿಟ್ಟು ಬೇರೆ ಮಾತಾಡಲಿಲ್ಲ.

2020ರ ಜನವರಿಯಲ್ಲಿ ಅವರೆಲ್ಲ ಬೆಟಗೇರಿಗೆ ಬಂದರು. ಮಗಳು, ಅಳಿಯ, ಓಡಾಡುವ ಮೊಮ್ಮಗಳು, ಜೊತೆಗೆ ಹೊನ್ನಾವರದಿಂದ ಬೀಗತಿ. ನಮ್ಮವರು ಅಳಿಯನನ್ನು ಕರೆದುಕೊಂಡು ಕೊರ್ಲಹಳ್ಳಿಯ ಸೇತುವೆಗೆ ಹೋಗಿ ಹೊಳೆ ತೋರಿಸಿಕೊಂಡು ಬಂದರು. ದಾರಿಯಲ್ಲಿ ಗದಗಿನ ಮಿರ್ಚಿ ತಿನ್ನಿಸಿದ್ದರಂತೆ. ಹೊರಡುವ ದಿನ ಬೀಗತಿಯನ್ನು ಮಣೆಯ ಮೇಲೆ ಕೂಡ್ರಿಸಿ ಉಡಿ ತುಂಬಲು ಹೋದೆ. ಗಂಡ ಇಲ್ಲದಾಕೆಗೆ ಉಡಿ ತುಂಬುವುದು ನಮ್ಮಲ್ಲಿ ಇಲ್ಲ ಎಂದು ಹಿರಿಯಾಕೆಯೊಬ್ಬಳು ಕಿವಿಯಲ್ಲಿ ಹೇಳಿದಳು. ಬೀಗತಿಯೂ ಕೈ ಹಿಂದೆಗೆದುಕೊಂಡಳು. ಕೂಸಿಗೆ ಎಣ್ಣೆ ಕಳಿಸುವಾಗ ಯಾರೂ ಇದನ್ನು ಕೇಳಿರಲಿಲ್ಲ. "ಸೆರಗ ಹಿಡೀರಿ" ಎಂದು ಅಕ್ಕಿ, ಕಾಯಿ, ಬೆಟಗೇರಿಯ ಒಂದು ಸೀರೆ, ಎಲ್ಲವನ್ನೂ ತುಂಬಿದೆ. ನಮ್ಮವರು ಪಡಸಾಲೆಯಿಂದ ನೋಡುತ್ತಿದ್ದರು. ಏನೂ ಅನ್ನಲಿಲ್ಲ.

ಅವರು ಹೋದ ಮೇಲೆ ಅಡಿಗೆಮನೆಗೆ ಬಂದರೆ ಕಟ್ಟೆಯ ಮೇಲೆ ಒಂದು ಬಾಟಲಿ ಎಣ್ಣೆ. ಈ ಸಲ ಅದು ಯಾರದೆಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ.